ಐವತ್ತೊಂದು ಓರೆ ‘ಎ’ಗಳು

೯ ಜನವರಿ ೧೯೭೩

ಮುದ್ದಿನ ಪಿಟೀಲಿಗೆ ಅತ್ತೆಯ ಆಶೀರ್ವಾದಗಳು.

ಮೊದಲು ಎಲ್ಲರ ಆರೋಗ್ಯದ ವರದಿ ಒಪ್ಪಿಸು, ಮಿಕ್ಕ ಮಾತು ಆಮೇಲೆ. ನಿನ್ನ ಕೆಮ್ಮು ಬಿಟ್ಟಿತೋ ಇಲ್ಲವೋ? ನಿನ್ನ ಜೊತೆ ಕೋಣೆ ಹಂಚಿಕೊಂಡಿರುವ ನರ್ಸಮ್ಮನ ಬೆನ್ನುನೋವು ಹೇಗಿದೆ? ಕೆಳಗಿನ ಮನೆಯ ಡೊಳ್ಳು ಮೇಷ್ಟ್ರು ಮೆಟ್ಟಿಲಿಂದ ಜಾರಿದ್ದರು ಅಂತ ಬರೆದಿದ್ದೆ, ಈಗ ಓಡಾಡುತ್ತಿದ್ದಾರಾ? ನಿಮ್ಮ ಕಚೇರಿಯ ಹಿರಿಯರು, ದಪ್ಪ ಕನ್ನಡಕ ಕಂಡು ನೀನು ಗೂಬೆ ಸಾಹೇಬರು ಅಂತ ಹೆಸರಿಟ್ಟೆಯಲ್ಲ, ಅವರು ಕಣ್ಣಿನ ಪೊರೆ ತೆಗೆಸಿಕೊಂಡರಾ? ಪದಗಳನ್ನು ಕಾಯುವವರಿಗೆ ಕಣ್ಣು ಬೇಕಮ್ಮ.

ಇಲ್ಲಿ ನಾವು ಮೂವರೂ ಗುಂಡುಕಲ್ಲಿನ ಹಾಗಿದ್ದೇವೆ. ನನ್ನ ಅಣ್ಣ, ಅಂದರೆ ನಿನ್ನ ಅಪ್ಪ, ನಿನ್ನ ಕಾಗದ ಬಂದಾಗಿನಿಂದ ನೆಲದ ಮೇಲೆ ಕಾಲೂರುತ್ತಿಲ್ಲ. ಇಂಗ್ಲಿಷ್ ನಿಘಂಟಿನ ಕಚೇರಿಯವರು ನಮ್ಮ ಸ್ವಾತಂತ್ರ್ಯ ಚಳವಳಿಯಿಂದ ಅವರ ಭಾಷೆಗೆ ಹೋದ ಮಾತುಗಳ ಕಟ್ಟನ್ನು ನಿನ್ನ ಕೈಗೇ ಕೊಟ್ಟರಂತೆ. ಸತ್ಯಾಗ್ರಹ, ಹರತಾಳ, ಸ್ವರಾಜ್, ಅಹಿಂಸಾ, ಸ್ವದೇಶಿ, ಖಾದಿ. ಅಣ್ಣ ಅದನ್ನು ಬೀದಿಯ ಆ ತುದಿಯ ಕ್ಷೌರದಂಗಡಿಯವರೆಗೂ ಹೇಳಿ ಬಂದ. ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದವನು ಎದ್ದು ಕೈ ಕುಲುಕಿದನಂತೆ. ನೀನು ಕೇಳಿದ ಹಾಗೆ ನಮ್ಮ ಹಳೆಯ ಇಂಗ್ಲಿಷ್ ವಾರಪತ್ರಿಕೆಯ ಕಟ್ಟುಗಳನ್ನೆಲ್ಲ ಮರದ ಪೆಟ್ಟಿಗೆಯಲ್ಲಿ ತುಂಬಿ ಕಳಿಸಿದ್ದಾನೆ. ನಿನ್ನ ಅಮ್ಮ ಮಧ್ಯೆ ನಿನಗೊಂದು ಸ್ವೆಟರ್ ತುರುಕಿದ್ದಾರೆ, ಹುಡುಕು.

ನೀನು ಕಾಲೇಜಿನಲ್ಲಿ ಕಲಿತ ಇಂಗ್ಲಿಷು ಬೇರೆ, ನಾನು ಕಲಿತ ಇಂಗ್ಲಿಷು ಬೇರೆ. ಅಚ್ಚಿನ ಮೊಳೆಗಳ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದಾಗಿರುತ್ತದೆ. ನಾನು ಶಾಲೆ ಕಂಡದ್ದು ನಾಲ್ಕು ವರ್ಷ. ಆಮೇಲೆ ಅಣ್ಣನ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತ ಜೋಡಿಸುತ್ತ ಆ ಭಾಷೆಯನ್ನು ಹಿಂಭಾಗದಿಂದ ಒಳಹೊಕ್ಕೆ. ಅರ್ಥ ತಿಳಿಯುವ ಮೊದಲೇ ತೂಕ ತಿಳಿಯಿತು. ಇಂಗ್ಲಿಷಿನಲ್ಲಿ ಜೋಡಿಸಿದರೆ ಸತ್ಯಾಗ್ರಹಕ್ಕೆ ನಾಲ್ಕು ‘ಎ’ ಬೇಕು. ಹರತಾಳಕ್ಕೆ ಎರಡು, ಸ್ವರಾಜಿಗೆ ಎರಡು, ಅಹಿಂಸೆಗೆ ಎರಡು. ನಮ್ಮ ಚಳವಳಿ ‘ಎ’ಗಳನ್ನು ತಿಂದಷ್ಟು ಇನ್ನಾವುದೂ ತಿನ್ನಲಿಲ್ಲ. ಇದನ್ನೂ ಬೇಕಿದ್ದರೆ ನಿನ್ನ ಚೀಟಿಯಲ್ಲಿ ಬರೆದುಕೋ.

ನಿನ್ನ ಅತ್ತೆ


೨ ಫೆಬ್ರವರಿ ೧೯೭೩

ಪ್ರೀತಿಯ ಅತ್ತೆಗೆ ಪಿಟೀಲಿನ ನಮಸ್ಕಾರಗಳು.

ಕೆಮ್ಮು ಹೋಗಿದೆ. ನರ್ಸಮ್ಮನ ಬೆನ್ನು ಹಾಗೇ ಇದೆ, ಬಾಯಿ ಅದಕ್ಕಿಂತ ಚೆನ್ನಾಗಿದೆ. ಸ್ವೆಟರ್ ಸಿಕ್ಕಿತು. ಅದಕ್ಕಿಂತ ದೊಡ್ಡದು ಇನ್ನೊಂದು ಸಿಕ್ಕಿದೆ, ಕುರ್ಚಿ ಎಳೆದುಕೊಂಡು ಕೂತು ಓದಿ.

ನಮ್ಮ ಕೆಲಸ ಹೀಗೆ. ಒಂದೊಂದು ಪದಕ್ಕೂ ಅಂಗೈಯಗಲದ ಚೀಟಿಗಳಿರುತ್ತವೆ. ಆ ಪದ ಯಾವ ಪತ್ರಿಕೆಯಲ್ಲಿ, ಯಾವ ತಾರೀಖಿನಲ್ಲಿ, ಯಾವ ವಾಕ್ಯದಲ್ಲಿ ಬಂತು ಅಂತ ಒಂದೊಂದರಲ್ಲೂ ಬರೆದಿರುತ್ತೇವೆ. ಹೊರಗಿನಿಂದ ಬಂದ ಪದವನ್ನು ಇಂಗ್ಲಿಷಿನವರು ಬಲಕ್ಕೆ ವಾಲಿದ ಓರೆ ಅಕ್ಷರದಲ್ಲಿ, ಅಂದರೆ ಇಟಾಲಿಕ್ಕಿನಲ್ಲಿ, ಅಚ್ಚು ಹಾಕುತ್ತಾರೆ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಓರೆಯಾಗಿರುವವರೆಗೆ ಅದು ಅತಿಥಿ. ಯಾವತ್ತು ನೆಟ್ಟಗಿನ ಅಕ್ಷರದಲ್ಲಿ ನಿಲ್ಲುತ್ತದೋ ಅವತ್ತು ಮನೆಯದಾಯಿತು. ಹಾಗಾಗಿ ಯಾರು ಮೊದಲು ನೆಟ್ಟಗೆ ನಿಲ್ಲಿಸಿದರು ಅಂತ ನಾವು ಬೆರಳಿಟ್ಟು ಹುಡುಕುತ್ತೇವೆ.

ಅಪ್ಪನ ಪತ್ರಿಕೆಯ ೧೯೩೦ರ ಮೇ ೧೭ರ ಸಂಚಿಕೆ ತೆರೆದೆ. ಎರಡನೆಯ ಪುಟದ ಅರ್ಧದವರೆಗೆ ನಮ್ಮ ಮಾತುಗಳೆಲ್ಲ ಓರೆ. ಅಲ್ಲಿಂದಾಚೆ ಒಂದೂ ಓರೆಯಿಲ್ಲ! ಮುಂದಿನ ಶನಿವಾರ, ಮೇ ೨೪ರಂದು, ಅಪ್ಪ ಸಂಪಾದಕೀಯವನ್ನೇ ಬರೆದಿದ್ದಾರೆ. ‘ನಮ್ಮ ಜೋಡಣೆಯ ಮೇಜಿನ ಹದಿನಾರರ ಹುಡುಗಿ ಕಳೆದ ವಾರ ಈ ಮಾತುಗಳನ್ನು ನೆಟ್ಟಗೆ ನಿಲ್ಲಿಸಿದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಇನ್ನು ನಮ್ಮ ಪತ್ರಿಕೆಯಲ್ಲಿ ಅವು ಬಾಗುವುದಿಲ್ಲ.’ ಆ ಹುಡುಗಿ ನೀವು! ಅಪ್ಪ ಈ ಕಥೆ ನೂರು ಸಲ ಹೇಳಿದ್ದು ನೆನಪಿದೆ. ಅಚ್ಚಿನಲ್ಲಿ ಕಂಡಾಗ ಮಾತ್ರ ಕಣ್ಣು ಮಂಜಾಯಿತು.

ನಮ್ಮ ಕಟ್ಟಿನಲ್ಲಿ ಇದಕ್ಕಿಂತ ಹಳೆಯದು ಇಲ್ಲ. ಗೂಬೆ ಸಾಹೇಬರು ಚೀಟಿಯನ್ನು ಮೂಗಿನ ಹತ್ತಿರ ಹಿಡಿದು, ‘ಇದು ನಿಮ್ಮ ಮೊದಲ ಗಟ್ಟಿ ಕೆಲಸ. ಅವರನ್ನೇ ಕೇಳಿ ಬರೆಯಿರಿ’ ಅಂದರು. ಆಗಸ್ಟ್ ಕೊನೆಗೆ ನನ್ನ ಹಾಳೆಗಳು ಅಚ್ಚಿಗೆ ಹೋಗುತ್ತವೆ. ಇದು ಚೆನ್ನಾಗಿ ಆದರೆ ನನ್ನನ್ನು ಖಾಯಂ ಮಾಡುತ್ತಾರೆ.

ಆ ದಿನ ಏನಾಯಿತು ಹೇಳಿ ಅತ್ತೆ. ಒಂದನ್ನೂ ಬಿಡದೆ.

ನಿಮ್ಮ ಪಿಟೀಲು


೨೦ ಫೆಬ್ರವರಿ ೧೯೭೩

ಪಿಟೀಲಿಗೆ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಸಂತೋಷ. ಇಲ್ಲಿ ಗೋಡೆ ಗಡಿಯಾರ ಕೆಟ್ಟಿದೆ. ಮೂರು ಗಂಟೆಗೆ ಏಳು ಹೊಡೆಯುತ್ತದೆ, ಏಳಕ್ಕೆ ಸುಮ್ಮನಿರುತ್ತದೆ. ಅಣ್ಣ ಬಿಚ್ಚಿದ, ಜೋಡಿಸಿದ, ಎರಡು ಹಲ್ಲುಗಾಲಿ ಮಿಕ್ಕಿವೆ. ನಿನ್ನ ಅಮ್ಮ ಅವನ್ನು ಗುಂಡಿಯ ಡಬ್ಬಿಗೆ ಹಾಕಿದರು. ಎದುರುಮನೆಯ ಬೆಕ್ಕು ಅಚ್ಚುಕೂಟದ ಅಟ್ಟದ ಕಾಗದದ ರಾಶಿಯ ಮೇಲೆ ಮರಿ ಹಾಕಿದೆ. ನಾಲ್ಕು. ಒಂದಕ್ಕೆ ನಿನ್ನ ದನಿ ಇದೆ, ನೀನು ತೊಟ್ಟಿಲಲ್ಲಿ ಅಳುತ್ತಿದ್ದದ್ದು ಥೇಟ್ ಹಾಗೇ, ಪಿಟೀಲು ಅಂತ ಹೆಸರಿಟ್ಟದ್ದೂ ಅದಕ್ಕೇ.

ಕಣ್ಣು ಸ್ವಲ್ಪ ಉರಿ. ಇಷ್ಟೇ ಸಾಕು.

ಅತ್ತೆ


೮ ಮಾರ್ಚ್ ೧೯೭೩

ಅತ್ತೆಗೆ ನಮಸ್ಕಾರ.

ಗಡಿಯಾರದ ಕ್ಷೇಮಸಮಾಚಾರ ತಿಳಿದು ಸಂತೋಷವಾಯಿತು. ಬೆಕ್ಕಿಗೂ ಬಾಣಂತಿ ಆರೈಕೆ ಚೆನ್ನಾಗಿ ನಡೆಯಲಿ. ನಾನು ಕೇಳಿದ್ದು ಮೇ ೧೭.

ಅತ್ತೆ, ನೀವು ಒಂದು ಬಸ್ ತಪ್ಪಿಸಿಕೊಂಡದ್ದನ್ನು ಆರು ಪುಟ ಬರೆದವರು. ನಿಮ್ಮ ಜೀವನದ ದೊಡ್ಡ ದಿನಕ್ಕೆ ಒಂದು ಸಾಲೂ ಇಲ್ಲವೇ? ಚೀಟಿಯನ್ನು ಮೇಜಿನ ಮೇಲೆ ಹಾಗೇ ಇಟ್ಟುಕೊಂಡಿದ್ದೇನೆ.

ಪಿಟೀಲು


೨೫ ಮಾರ್ಚ್ ೧೯೭೩

ಮಗಳೇ,

ಕೂತಿದ್ದೀಯಾ? ಹಾಗಿದ್ದರೆ ಕೇಳು.

ಆ ವಾರ ಮಂಗಳವಾರವೇ ನಮ್ಮ ಮೇಸ್ತ್ರಿಯನ್ನೂ ಇನ್ನಿಬ್ಬರು ಮೊಳೆ ಜೋಡಿಸುವವರನ್ನೂ ಪೋಲೀಸರು ಮೆರವಣಿಗೆಯಿಂದಲೇ ಎತ್ತಿಕೊಂಡು ಹೋದರು. ಅಣ್ಣ ಅವರನ್ನು ಬಿಡಿಸಲು ವಕೀಲರ ಹಿಂದೆ ಬಿದ್ದು ಪಕ್ಕದ ಊರಿಗೆ ಹೋದ. ಹೋಗುವಾಗ ಕೈಬರಹದ ಹಾಳೆಗಳನ್ನು ನನ್ನ ಮುಂದಿಟ್ಟು, ‘ಆದಷ್ಟು ಮಾಡು. ಆಗದಿದ್ರೆ ಈ ವಾರ ಪತ್ರಿಕೆ ಇಲ್ಲ ಅಂದ್ಕೊಳೋಣ’ ಅಂದ. ಅಂದ್ಕೊಳೋದಂತೆ! ನನಗೆ ರೋಷ ಬಂತು. ಯಂತ್ರ ತುಳಿಯುವವನೊಬ್ಬ ಉಳಿದಿದ್ದ, ಅವನಿಗೆ ಓದು ಬಾರದು. ನಾಲ್ಕು ಪುಟ, ಮೂರು ಹಗಲು, ನಾನೊಬ್ಬಳೇ. ಬೆರಳ ತುದಿ ಸೀಸದಿಂದ ಕಪ್ಪಾಗಿ, ಅತ್ತಿಗೆ ಬಾಯಿಗೆ ತುತ್ತು ಇಡಬೇಕಾಯಿತು. ಆಗ ನಿನ್ನ ಅಮ್ಮ ಈ ಮನೆಗೆ ಬಂದು ಇಪ್ಪತ್ತು ದಿನವೂ ಆಗಿರಲಿಲ್ಲ.

ಓರೆಯಾಗಬೇಕಾದ ಮಾತಿನ ಕೆಳಗೆ ಅಣ್ಣ ಗೆರೆ ಎಳೆಯುತ್ತಿದ್ದ. ಆ ವಾರ ಹಾಳೆ ತುಂಬ ಗೆರೆಯೇ. ಒಂದೇ ಕಾಲಮಿನಲ್ಲಿ ಸತ್ಯಾಗ್ರಹ ಒಂಬತ್ತು ಸಲ. ಶುಕ್ರವಾರ ಮಧ್ಯಾಹ್ನ, ಎರಡನೆಯ ಪುಟ, ಮೊಳೆಪೆಟ್ಟಿಗೆಯಲ್ಲಿ ಓರೆ ‘ಎ’ಗಳ ಮನೆಗೆ ಕೈ ಹಾಕಿದೆ. ಉಗುರಿಗೆ ಮರ ತಾಗಿತು.

ಖಾಲಿ.

ಯಾವಾಗಲೂ ತಕ್ಕಮಟ್ಟಿಗೆ ಇರುತ್ತಿದ್ದವು, ಎಲ್ಲಿ ಹೋದವೋ ದೇವರೇ ಬಲ್ಲ. ಮೇಜಿನ ಕೆಳಗೆಲ್ಲ ತಡಕಿದೆ. ಒಂದೇ ಮಾತಿನಲ್ಲಿ ನಾಲ್ಕು ‘ಎ’ ನೆಟ್ಟಗೆ, ಮಿಕ್ಕದ್ದು ಓರೆ ಇಟ್ಟು ನೋಡಿದೆ. ಹಲ್ಲುಕಿತ್ತ ಬಾಯಿಯ ಹಾಗೆ ಕಂಡಿತು. ಸಾಯಲಿ ಅಂತ ಇಡೀ ಮಾತನ್ನೇ ನೆಟ್ಟಗೆ ಇಟ್ಟೆ. ಆಮೇಲಿನದನ್ನೆಲ್ಲ ಹಾಗೇ ಇಟ್ಟೆ. ಅಷ್ಟೇ ಕಣೇ ಕಥೆ. ಸಿದ್ಧಾಂತವಿಲ್ಲ, ಶೌರ್ಯವಿಲ್ಲ. ‘ಎ’ ಇರಲಿಲ್ಲ.

ಶನಿವಾರ ಬೆಳಿಗ್ಗೆ ಅಣ್ಣ ಬಂದ. ಪತ್ರಿಕೆ ಆಗಲೇ ಬೀದಿಯಲ್ಲಿತ್ತು. ಬಿಡಿಸಿ ನೋಡಿ ಹುಬ್ಬು ಗಂಟಿಕ್ಕಿದ. ಬೈಗುಳಕ್ಕೆ ನಾನು ಸಿದ್ಧಳಾಗಿ ನಿಂತೆ. ಅಷ್ಟರಲ್ಲಿ ನಿವೃತ್ತ ಪೋಸ್ಟ್ ಮಾಸ್ಟರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದು, ‘ಭಲೇ ಸಂಪಾದಕರೇ! ನಮ್ಮ ಮಾತು ಅವರ ಭಾಷೇಲಿ ಎದ್ದು ನಿಂತುಬಿಡ್ತಲ್ರೀ!’ ಅಂತ ಅಣ್ಣನನ್ನು ಅಪ್ಪಿಕೊಂಡರು. ಕಣ್ಣಲ್ಲಿ ನೀರು. ಅಣ್ಣ ಅವರ ಭುಜದ ಮೇಲಿಂದ ನನ್ನನ್ನು ನೋಡಿ ಕೇಳಿದ, ‘ಬೇಕಂತಲೇ ಹೀಗೆ ಮಾಡ್ದೆಯೇನೇ?’

ನಾನು ‘ಹೂಂ’ ಅಂದೆ.

ಒಂದು ‘ಹೂಂ’. ಅದರ ಮೇಲೆ ಅವನು ನಲವತ್ತಮೂರು ವರ್ಷದ ಮಾಳಿಗೆ ಕಟ್ಟಿದ್ದಾನೆ. ಆ ಸಂಪಾದಕೀಯ ಚೌಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿದೆ, ನಾನು ದಿನಾ ಅದರ ಧೂಳು ಒರೆಸುತ್ತೇನೆ. ಮನೆಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ ಅವನು ಕಥೆ ಹೇಳುವಾಗ ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತೇನೆ. ಎಲ್ಲರೂ ಅದನ್ನು ನಾಚಿಕೆ ಅಂದುಕೊಂಡಿದ್ದಾರೆ.

ಮನೆಯೊಳಗಿನ ಕಥೆಯಾಗಿ ಇದ್ದಿದ್ದರೆ ಸತ್ತಾಗ ಜೊತೆಗೇ ಒಯ್ಯುತ್ತಿದ್ದೆ. ನೀನು ಅದು ನಿಘಂಟಿಗೆ ಹೋಗುತ್ತದೆ ಅಂದೆ. ಅದೂ ಸತ್ಯಾಗ್ರಹ ಅನ್ನುವ ಮಾತಿನ ಪಕ್ಕದಲ್ಲಿ. ನನಗೆ ನಿದ್ದೆ ಬರುತ್ತಿಲ್ಲ.

ನಿನ್ನ ಅತ್ತೆ


೧೨ ಏಪ್ರಿಲ್ ೧೯೭೩

ನನ್ನ ಚಿನ್ನದಂಥ ಅತ್ತೆ,

ನಿಮ್ಮ ಕಾಗದ ಓದಿ ಮೊದಲು ಅಳು ಬಂತು. ಹತ್ತು ನಿಮಿಷದಲ್ಲಿ ನಗು ಶುರುವಾಗಿ ನರ್ಸಮ್ಮ ನೀರು ತಂದು ಕೊಡಬೇಕಾಯಿತು. ಇಡೀ ಚಳವಳಿಗೆ ‘ಎ’ ಸಾಲಲಿಲ್ಲ!

ಗೂಬೆ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ತೆಗೆದು ಒರೆಸಿ, ಕೊನೆಗೆ ಹೇಳಿದ್ದು ಇಷ್ಟು. ನಮ್ಮಲ್ಲಿ ಅಚ್ಚಾದದ್ದು ಮಾತ್ರ ಸಾಕ್ಷಿ. ಮನೆಯ ಕಾಗದ ಎಷ್ಟೇ ಸತ್ಯವಾಗಿರಲಿ, ಚೀಟಿಗೆ ಏರುವುದಿಲ್ಲ. ಮೇ ೧೭ರ ಪುಟ ಅಚ್ಚಾಗಿದೆ, ಸಂಪಾದಕೀಯ ಅಚ್ಚಾಗಿದೆ. ಅದನ್ನು ಅಲ್ಲಗಳೆಯುವುದೂ ಅಚ್ಚಾಗಬೇಕು. ‘ಇಲ್ಲವಾದರೆ ಈಗಿರುವ ಹಾಗೇ ಹಾಕಬಹುದು, ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮಿಷ್ಟ’ ಅಂದರು. ನನ್ನನ್ನು ಪರೀಕ್ಷಿಸುತ್ತಿದ್ದರೋ ಏನೋ.

ಅತ್ತೆ, ಗೊತ್ತಿದ್ದೂ ನಾನು ಹಾಗೆ ಹಾಕಲಾರೆ. ಅಪ್ಪ ತಿದ್ದುಪಡಿ ಅಚ್ಚು ಹಾಕದಿದ್ದರೆ ಎರಡೂ ಸಂಚಿಕೆಗಳನ್ನು ಕಟ್ಟಿನಿಂದ ತೆಗೆದುಬಿಡುತ್ತೇನೆ. ನಮ್ಮ ಪತ್ರಿಕೆಯ ಹೆಸರೇ ನಿಘಂಟಿನಲ್ಲಿ ಇರುವುದಿಲ್ಲ, ನನ್ನ ಗಟ್ಟಿ ಕೆಲಸವೂ ಇರುವುದಿಲ್ಲ. ಇರಲಿ. ಪತ್ರಿಕೆ ನಿಂತು ಹದಿನೈದು ವರ್ಷವಾದರೂ ಅಚ್ಚುಕೂಟ ಇದೆಯಲ್ಲ, ಅದೇ ಹೆಸರಿನಲ್ಲಿ ಒಂದು ಹಾಳೆ ಬಂದರೆ ಸಾಕು. ನೀವೇ ಹೇಳುತ್ತೀರಾ, ನಾನು ಬರೆಯಲಾ?

ನಿಮ್ಮ ಪಿಟೀಲು


೩೦ ಏಪ್ರಿಲ್ ೧೯೭೩

ಪಿಟೀಲಿಗೆ ಆಶೀರ್ವಾದ.

ನಾನೇ ಹೇಳಿದೆ. ಈಗ ಮನೆಯಲ್ಲಿ ನಿನ್ನ ಕಟ್ಟಿನ ಮಾತುಗಳೆಲ್ಲ ಎದ್ದು ಓಡಾಡುತ್ತಿವೆ, ಬೇಕಾದಷ್ಟು ಚೀಟಿ ಬರೆದುಕೋ.

ಬೆಳಗಿನ ಚಹಾ ಹೊತ್ತಿನಲ್ಲಿ ಹೇಳಿದ್ದು. ಅಣ್ಣ ಬಟ್ಟಲು ಕೆಳಗಿಟ್ಟ. ‘ಓರೆ ‘ಎ’ ಮುಗಿದಿತ್ತಾ? ಆ ವಾರಾನಾ?’ ಅಂತ ಎರಡು ಸಲ ಕೇಳಿದ. ಕಿವಿ ಕೆಂಪಗಾಯಿತು. ಆಮೇಲೆ ಎದ್ದು, ‘ಅದು ನಿನ್ನ ಧೈರ್ಯ ಕಣೇ. ಅದನ್ನ ನಾನು ಅಚ್ಚಿನಲ್ಲಿ ಅಳಿಸಲ್ಲ’ ಅಂದ.

‘ಧೈರ್ಯ ಎಲ್ಲಿಂದ ಬಂತು ಅಣ್ಣ? ಮೊಳೆ ಇರಲಿಲ್ಲ ಅಂತಿದ್ದೀನಿ.’

‘ನಿನಗೆ ವಯಸ್ಸಾಯ್ತು, ನೆನಪು ತಪ್ತಿದೆ.’

‘ನನಗಿಂತ ಹತ್ತು ವರ್ಷ ದೊಡ್ಡವನು ಹೇಳ್ತಿದ್ದೀಯ!’

ಅವನು ದಡದಡ ಕೆಳಗಿಳಿದು ಹೋದ. ಅರ್ಧ ಗಂಟೆಯಲ್ಲಿ ತನ್ನ ಕೋಣೆಯ ಬಾಗಿಲಿಗೆ ಒಂದು ಹಾಳೆ ಅಂಟಿಸಿದ. ಮರದ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ್ದು, ‘ಹರತಾಳ’. ನನ್ನ ಜೊತೆ ಮಾತು ಬಂದ್.

ನಾನೇನು ಸುಮ್ಮನಿರುವವಳಾ? ಕಣ್ಣು ಮಂಜಾದ ಮೇಲೆ ಅವನಿಗೆ ಕನ್ನಡ ದಿನಪತ್ರಿಕೆ ಓದಿ ಹೇಳುವವಳು ನಾನೇ. ಓದುವುದನ್ನು ನಿಲ್ಲಿಸಿದೆ. ಅವನು ಪತ್ರಿಕೆಯನ್ನು ಮೂಗಿಗೆ ತಾಗಿಸಿಕೊಂಡು ಕೂರುತ್ತಾನೆ, ಮೂಗಿನ ತುದಿಯಲ್ಲಿ ದಿನಾ ಮುಖ್ಯ ಸುದ್ದಿ ಮೂಡಿರುತ್ತದೆ. ಮೂರನೆಯ ದಿನ ನಾನು ಅವನ ಒರಗು ಕುರ್ಚಿಯಲ್ಲಿ ಧರಣಿ ಕೂತೆ. ‘ಏಳ್ತಾಳಾ ಕೇಳು’ ಅಂತ ಅವನು ಅತ್ತಿಗೆಗೆ ಹೇಳಿದ. ‘ತಿದ್ದುಪಡಿ ಹಾಕ್ತಾನಾ ಕೇಳಿ ಅತ್ತಿಗೆ’ ಅಂತ ನಾನು ಹೇಳಿದೆ. ಅತ್ತಿಗೆ ಇಬ್ಬರನ್ನೂ ಒಂದು ಸುತ್ತು ನೋಡಿ, ‘ನನಗೂ ಒಂದು ಚಳವಳಿ ಬರುತ್ತೆ’ ಅಂತ ಒಳಗೆ ಹೋಗಿ ಚಹಾ ಪುಡಿಯ ಡಬ್ಬಿಗೆ ಬೀಗ ಹಾಕಿದರು. ಅದಕ್ಕೆ ಅಸಹಕಾರ ಅನ್ನುತ್ತಾರೆ. ಇವತ್ತಿಗೆ ಐದು ದಿನ, ಬರೀ ಬಿಸಿನೀರು ಕುಡಿಯುತ್ತಿದ್ದೇವೆ.

ನಗಬೇಡ. ನಕ್ಕರೂ ಪರವಾಗಿಲ್ಲ. ಆದರೆ ಅಣ್ಣ ಯಾಕೆ ಇಷ್ಟು ಹಟ ಹಿಡಿದಿದ್ದಾನೆ ತಿಳಿಯುತ್ತಿಲ್ಲ. ತಪ್ಪು ಯಾವ ಪುಟದಲ್ಲಾಯಿತೋ ಅದೇ ಪುಟದಲ್ಲಿ, ಅದೇ ಗಾತ್ರದಲ್ಲಿ ತಿದ್ದುಪಡಿ ಹಾಕಬೇಕು ಅಂತ ಗೋಡೆಗೆ ನಿಯಮ ಬರೆಸಿ ಹಾಕಿದವನು ಅವನೇ.

ಅತ್ತೆ


೧೪ ಮೇ ೧೯೭೩

ಚಿರಂಜೀವಿ ಪಿಟೀಲಿಗೆ ಆಶೀರ್ವಾದಗಳು.

ನಾವು ಕ್ಷೇಮ. ನಿನ್ನ ಅತ್ತೆಗೆ ಈ ಕೆಳಗಿನದನ್ನು ಬರೆದು ತಿಳಿಸತಕ್ಕದ್ದು. ಒಂದು, ನನ್ನ ಕುರ್ಚಿ ನನಗೆ ಬೇಕು. ಎರಡು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಮೂರು, ತಿದ್ದುಪಡಿಗೆ ನನ್ನ ಅಡ್ಡಿ ಅವಳು ಊಹಿಸುತ್ತಿರುವ ಕಾರಣಕ್ಕಲ್ಲ. ನಿಜವಾದ ಕಾರಣ ಹೇಳುವಂಥದ್ದಲ್ಲ.

ಅವಳು ಪಕ್ಕದ ಕೋಣೆಯಲ್ಲೇ ಇದ್ದಾಳೆ. ಹರತಾಳವಾದ್ದರಿಂದ ನಿನ್ನ ಮೂಲಕ.

ನಿನ್ನ ಕೆಲಸಕ್ಕೆ ತೊಂದರೆಯಾಗುತ್ತದೆ ಎಂದು ನಿನ್ನ ಅಮ್ಮ ಹೇಳಿದಳು. ಅದೊಂದೇ ನನ್ನ ಸಂಕಟ. ಚಹಾ ಇಲ್ಲದ್ದು ಎರಡನೆಯದು.

ನಿನ್ನ ಅಪ್ಪ


೩ ಜೂನ್ ೧೯೭೩

ಮುದ್ದಿನ ಪಿಟೀಲಿಗೆ ಸಾವಿರ ಆಶೀರ್ವಾದ.

ಹರತಾಳ ಮುಗಿಯಿತು! ಡಬ್ಬಿಯ ಬೀಗ ತೆಗೆದಿದೆ, ನಾನು ಇವತ್ತು ಆರನೆಯ ಬಟ್ಟಲು ಚಹಾ ಕುಡಿಯುತ್ತ ಬರೆಯುತ್ತಿದ್ದೇನೆ.

ನೀನು ಅಣ್ಣನಿಗೆ ಏನು ಬರೆದೆಯೋ ಗೊತ್ತಿಲ್ಲ. ಅವನು ತೋರಿಸಲಿಲ್ಲ. ಮೂಗಿನ ಹತ್ತಿರ ಹಿಡಿದು ತಾನೇ ಓದಿದ, ಮಡಿಸಿ ಕನ್ನಡಕದ ಡಬ್ಬಿಯಲ್ಲಿಟ್ಟ, ಕಿಟಕಿಯ ಹತ್ತಿರ ನಿಂತ. ಆಮೇಲೆ ಬಂದು ಕುರ್ಚಿಯಲ್ಲಿ ಧರಣಿ ಕೂತಿದ್ದ ನನಗೆ ನೇರವಾಗಿ ಹೇಳಿದ, ‘ಏಳೇ. ಕೆಳಗೆ ಕೆಲಸ ಇದೆ.’

ಅಚ್ಚುಕೂಟದಲ್ಲಿ ಇಬ್ಬರೂ ಮೇಜಿಗೆ ನಿಂತೆವು. ಅವನು ಹೇಳುವುದು, ನಾನು ಜೋಡಿಸುವುದು, ಹಳೆಯ ಕಾಲದ ಹಾಗೆ. ‘ಓರೆಯಲ್ಲಿ ಇರಬೇಕಾದ ಈ ಮಾತುಗಳು’ ಅಂತ ಶುರುವಾಯಿತು. ಆ ಮಾತುಗಳನ್ನು ಓರೆಯಲ್ಲೇ ತೋರಿಸಬೇಕಲ್ಲ? ಸತ್ಯಾಗ್ರಹ, ಹರತಾಳ, ಸ್ವರಾಜ್, ಅಹಿಂಸಾ. ಹತ್ತು ‘ಎ’ ಬೇಕು. ಓರೆ ‘ಎ’ಗಳ ಮನೆಯೊಳಗೆ ಕೈ ಹಾಕಿದೆ. ಇಷ್ಟು ವರ್ಷದಲ್ಲಿ ಸವೆದು, ಕಳೆದು, ಏಳೇ ಉಳಿದಿದ್ದವು.

‘ನೋಡು! ಈಗ್ಲೂ ಸಾಲಲ್ಲ. ಎಲ್ಲಿ ಹೋದ್ವು ಅಂತ ನನಗೆ ಅವತ್ತಿಂದ ಒಗಟೇ ಅಣ್ಣ’ ಅಂದೆ.

ಅಣ್ಣನ ಕಿವಿ ಮತ್ತೆ ಕೆಂಪು. ನಿಧಾನವಾಗಿ ಮಂಡಿಯೂರಿ, ಕಾಗದದ ಕಟ್ಟುಗಳನ್ನು ಸರಿಸಿ, ಗೋಡೆಯ ಮೂಲೆಯಿಂದ ಒಂದು ಚಪ್ಪಟೆ ಗಂಟು ಎಳೆದ. ಧೂಳು ಬೆರಳುದ್ದ. ಸುತ್ತಿದ್ದ ಕಾಗದ ಮುಟ್ಟಿದರೆ ಪುಡಿಯಾಯಿತು. ಒಳಗೆ ದಾರ ಕಟ್ಟಿ ಭದ್ರವಾಗಿದ್ದ ಜೋಡಿಸಿದ ಮೊಳೆಗಳು. ಇಡಿಯಾಗಿ ಇಂಗ್ಲಿಷಿನ ಓರೆ ಅಕ್ಷರ.

ನನಗೆ ಹಿಂದುಮುಂದಿನ ಓದು ಸಲೀಸು. ಜೋರಾಗಿ ಓದಿದೆ. ‘ನಮ್ಮ ವಿವಾಹಕ್ಕೆ ತಾವು ದಯಮಾಡಿಸಿ...’

ಪಿಟೀಲು, ಅದು ಅವನ ಮದುವೆಯ ಕರೆಯೋಲೆ!

ಅಚ್ಚಾದ ಮೇಲೆ ಮೊಳೆ ಬಿಚ್ಚಿ ಅವುಗಳ ಮನೆಗೆ ಹಾಕಬೇಕು, ಅದು ನಮ್ಮಲ್ಲಿ ಮೊದಲ ನಿಯಮ. ಒಂದು ದಿನ ತಡ ಮಾಡಿದರೆ ಮೇಸ್ತ್ರಿಗೆ ಅಣ್ಣ ಬೆವರಿಳಿಸುತ್ತಿದ್ದ. ‘ಬಿಚ್ಚೋಕೆ ಮನಸ್ಸು ಬರಲಿಲ್ಲ ಕಣೇ’ ಅಂದ. ‘ಅವಳ ಹೆಸರನ್ನ ನಾನೇ ಜೋಡಿಸಿದ್ದೆ. ಒಂದು ವಾರ ಇರಲಿ ಅಂದ್ಕೊಂಡೆ. ಆಮೇಲೆ ಒಂದು ತಿಂಗಳು.’

‘ಆಮೇಲೆ ನಲವತ್ತಮೂರು ವರ್ಷ!’

‘ನೀನು ಹೇಳಿದ ದಿನವೇ ನನಗೆ ಹೊಳೀತು, ಅವು ಎಲ್ಲಿದ್ವು ಅಂತ. ಊರೆಲ್ಲ ಜೈಲಿಗೆ ಹೋಗ್ತಿರೋವಾಗ ಸಂಪಾದಕ ಚಳವಳಿಯ ಮೊಳೆಗಳನ್ನ ಹೆಂಡತಿ ಹೆಸರಲ್ಲಿ ಬಚ್ಚಿಟ್ಟಿದ್ದ ಅಂತ ಹೇಗೆ ಅಚ್ಚು ಹಾಕ್ಲಿ?’

ಸದ್ದು ಕೇಳಿ ಅತ್ತಿಗೆ ಇಳಿದು ಬಂದಿದ್ದರು. ಕೈ ಒರೆಸಿಕೊಂಡು ಬಗ್ಗಿ ನೋಡಿದರು. ಅವರಿಗೆ ಉಲ್ಟಾ ಓದಲು ಬರುವುದಿಲ್ಲ, ನಾನು ಬೆರಳಿಟ್ಟು ಅವರ ಹೆಸರು ತೋರಿಸಿದೆ. ಆ ಮುಖ ನೀನು ನೋಡಬೇಕಿತ್ತು. ನಾನು ಓರೆ ‘ಎ’ಗಳನ್ನು ಎಣಿಸಿದೆ. ಐವತ್ತೊಂದು. ಮೂರು ಕೇಳಿದೆ ಅಷ್ಟೇ.

‘ದಾರಕ್ಕೆ ಕೈ ಹಾಕಿದ್ರೆ ನೋಡಿ’ ಅಂದರು ನಿನ್ನ ಅಮ್ಮ.

‘ಅತ್ತಿಗೆ, ಮೂರೇ ಮೂರು. ವಿಳಾಸದ ಸಾಲಿಂದ ತೆಗೀತೀನಿ.’

‘ವಿಳಾಸ ಇಲ್ಲದೆ ಜನ ಮದುವೆಗೆ ಹೇಗೆ ಬರ್ತಾರೆ?’

ಅಣ್ಣನಿಗೆ ನಗು ಹತ್ತಿತು, ಆ ನಗುವಿಗೆ ಅಟ್ಟದ ಮೇಲಿನ ಬೆಕ್ಕು ಮರಿಗಳ ಸಮೇತ ಜಾಗ ಖಾಲಿ ಮಾಡಿತು.

ಕೊನೆಗೆ ಹೀಗಾಯಿತು. ಪತ್ರಿಕೆ ನಿಂತ ಸಂಖ್ಯೆಯ ಮುಂದಿನ ಸಂಖ್ಯೆ ಹಾಕಿ ಒಂದು ಹಾಳೆಯ ಸಂಚಿಕೆ ತಂದಿದ್ದೇವೆ. ತಪ್ಪಾದದ್ದು ಎರಡನೆಯ ಪುಟದಲ್ಲಿ, ಹಾಗಾಗಿ ತಿದ್ದುಪಡಿ ಎರಡನೆಯ ಪುಟದಲ್ಲಿ. ಮೊದಲ ಪುಟ ಖಾಲಿ ಬಿಡಲಾಗುತ್ತದೆಯೇ? ಅತ್ತಿಗೆಯೇ ಹೇಳಿದರು, ಕರೆಯೋಲೆಯನ್ನು ದಾರ ಬಿಚ್ಚದೆ ಹಾಗೇ ಅಲ್ಲಿ ಇಟ್ಟೆವು. ನೀನು ಬರಲಾಗದೆ ಹೋದ ಮದುವೆ, ಕರೆಯೋಲೆಯಾದರೂ ನಿನ್ನ ಹತ್ತಿರ ಇರಲಿ.

ಹಾಳೆ ಇದರ ಜೊತೆಗಿದೆ. ತಿದ್ದುಪಡಿ ಇಂಗ್ಲಿಷಿನಲ್ಲಿದೆ, ನನ್ನ ಕನ್ನಡದಲ್ಲಿ ಇಷ್ಟು:

‘ಮೇ ೧೭, ೧೯೩೦ರ ಸಂಚಿಕೆಯ ಈ ಪುಟದಲ್ಲಿ ಸತ್ಯಾಗ್ರಹ, ಹರತಾಳ, ಸ್ವರಾಜ್, ಅಹಿಂಸಾ ಎಂಬ ಮಾತುಗಳು ನೆಟ್ಟಗೆ ನಿಂತದ್ದು ಓರೆ ‘ಎ’ಗಳು ಸಾಲದೆ. ಅವು ಆಗ ಸಂಪಾದಕರ ಮದುವೆಯಲ್ಲಿದ್ದವು. ಮೇ ೨೪ರಿಂದ ನಿಂತದ್ದು ಸಂಪಾದಕರ ಇಚ್ಛೆಯಿಂದ. ಈ ತಿದ್ದುಪಡಿಯಲ್ಲೂ ಅವು ನೆಟ್ಟಗೇ ಇವೆ. ಕಾರಣ ಹಿಂದಿನ ಪುಟದಲ್ಲಿದೆ.’

ಇಷ್ಟು ಜೋಡಿಸಿ ನಾನು ಕೈ ಒರೆಸಿಕೊಂಡೆ. ಅಣ್ಣ, ‘ಇನ್ನೊಂದು ಸಾಲಿದೆ’ ಅಂದ. ನನ್ನನ್ನು ಪಕ್ಕಕ್ಕೆ ಸರಿಸಿ, ಒಂದೊಂದೇ ಮೊಳೆ ತಡಕಿ ತಾನೇ ಜೋಡಿಸಿದ. ಮುಕ್ಕಾಲು ಗಂಟೆ ಹಿಡಿಯಿತು. ಕಣ್ಣು ಕಾಣದವನು, ಒಂದು ಅಕ್ಷರವೂ ತಪ್ಪಲಿಲ್ಲ.

‘ಹದಿನಾರರ ಹುಡುಗಿಯೊಬ್ಬಳು ಮೂರು ಹಗಲು ಒಬ್ಬಳೇ ನಿಂತು ಆ ಸಂಚಿಕೆಯನ್ನು ಹೊರತಂದದ್ದು ಧೈರ್ಯದಿಂದ. ಅದಕ್ಕೆ ತಿದ್ದುಪಡಿ ಇಲ್ಲ.’

ನಾನು ‘ಚಹಾ ಆರಿಹೋಗುತ್ತೆ’ ಅಂತ ಮೇಲೆ ಬಂದೆ.

ನಿನ್ನ ಅತ್ತೆ


೨೪ ಜೂನ್ ೧೯೭೩

ಅತ್ತೆ, ಅಪ್ಪ, ಅಮ್ಮ, ಮೂವರಿಗೂ ಪಿಟೀಲಿನ ನಮಸ್ಕಾರಗಳು.

ಹಾಳೆ ಬಂದ ದಿನ ಕಚೇರಿಯಲ್ಲಿ ಯಾರೂ ಕೆಲಸ ಮಾಡಲಿಲ್ಲ. ಗೂಬೆ ಸಾಹೇಬರು ಮೇಜಿನಿಂದ ಮೇಜಿಗೆ ತಾವೇ ಹೊತ್ತುಕೊಂಡು ಹೋಗಿ ತೋರಿಸಿದರು. ಮೂವತ್ತು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಸಾಕ್ಷಿ ನೋಡಿಲ್ಲ ಅಂದರು. ಚೀಟಿಯ ತಾರೀಖು ಮೇ ೧೭ರ ಬದಲು ಮೇ ೨೪ ಆಗಿದೆ. ಅಷ್ಟೆಲ್ಲ ಹರತಾಳ, ಧರಣಿ, ಚಹಾ ಬೀಗ, ಏಳು ದಿನದ ವ್ಯತ್ಯಾಸಕ್ಕೆ! ಅಪ್ಪನಿಗೆ ನಾನು ಬರೆದದ್ದು ಒಂದೇ ಪ್ರಶ್ನೆ ಅತ್ತೆ, ಗೋಡೆಯ ಮೇಲಿನ ತಿದ್ದುಪಡಿಯ ನಿಯಮ ಸಂಪಾದಕರಿಗೂ ಸೇರಿದೆಯೇ ಅಂತ.

ನಮ್ಮ ಪತ್ರಿಕೆಯ ಹೆಸರು ನಿಘಂಟಿಗೆ ಹೋಯಿತು. ನನ್ನ ಕೆಲಸ ಖಾಯಂ ಆಯಿತು. ಪುಟದ ಕರಡನ್ನು ಇದರ ಜೊತೆ ಇಟ್ಟಿದ್ದೇನೆ, ನಿಮ್ಮ ಕಣ್ಣು ಬೀಳದೆ ಯಾವ ಕರಡೂ ನಮ್ಮ ಮನೆಯಿಂದ ಅಚ್ಚಿಗೆ ಹೋಗಿದ್ದಿಲ್ಲವಲ್ಲ.

ಖಾಯಂ ಪಿಟೀಲು


೧೫ ಜುಲೈ ೧೯೭೩

ಖಾಯಂ ಪಿಟೀಲಿಗೆ ಆಶೀರ್ವಾದ.

ಕರಡು ಓದಿದೆ. ಇಂಗ್ಲಿಷ್ ಅಕ್ಷರ ನೇರವಾಗಿ ಓದಲು ನನಗೆ ಕಷ್ಟ, ಹಾಳೆಯನ್ನು ಕಿಟಕಿಗೆ ಹಿಡಿದು ಹಿಂಬದಿಯಿಂದ ಓದಿದೆ. ತಪ್ಪಿಲ್ಲ. ಸತ್ಯಾಗ್ರಹಕ್ಕೆ ನಾಲ್ಕೂ ‘ಎ’ ಕೊಟ್ಟಿದ್ದಾರೆ, ಅವರಲ್ಲಿ ಬೇಕಾದಷ್ಟು ಇರಬೇಕು.

ಗೋಡೆಯ ಮೇಲಿನ ಸಂಪಾದಕೀಯದ ಪಕ್ಕದಲ್ಲಿ ತಿದ್ದುಪಡಿಗೂ ಅಷ್ಟೇ ಗಾತ್ರದ ಚೌಕಟ್ಟು ಬಂದಿದೆ. ಅಣ್ಣ ಈಗ ಬಂದವರಿಗೆ ಎರಡನ್ನೂ ಓದಿ ಹೇಳುತ್ತಾನೆ, ಕಥೆ ಮೊದಲಿಗಿಂತ ಎರಡು ಪಟ್ಟು ಉದ್ದವಾಗಿದೆ. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋಗುವುದನ್ನು ಬಿಟ್ಟಿದ್ದೇನೆ. ಕೂತು ಕೇಳುತ್ತೇನೆ, ಮೂರು ಹಗಲು ಅನ್ನುವಲ್ಲಿ ಅವನು ನಾಲ್ಕು ಅಂದರೆ ತಿದ್ದುತ್ತೇನೆ. ದಾರ ಕಟ್ಟಿದ ಕರೆಯೋಲೆ ಅತ್ತಿಗೆಯ ಹಾಸಿಗೆಯ ಪಕ್ಕಕ್ಕೆ ಹೋಗಿದೆ. ಅಷ್ಟು ಸೀಸ ಮಲಗುವ ಕೋಣೆಯಲ್ಲಿ ಯಾಕೆ ಅಂತ ಅಣ್ಣ ಕೇಳಿದ. ಅತ್ತಿಗೆ ಸೆರಗಿನಿಂದ ಅದರ ಧೂಳು ಒರೆಸಿದರು.

ನರ್ಸಮ್ಮನ ಬೆನ್ನಿಗೆ ನಾನು ಹೇಳಿದ ಹಾಗೆ ಬಿಸಿ ಶಾಖ ಕೊಟ್ಟೆಯಾ? ಗೂಬೆ ಸಾಹೇಬರಿಗೆ ಪೊರೆ ಬೇಗ ತೆಗೆಸಿಕೊಳ್ಳಲು ಹೇಳು. ಅವರ ಕಟ್ಟಿನಲ್ಲಿ ಇನ್ನು ಯಾವ ಯಾವ ಮಾತು ಉಳಿದಿವೆ, ಅದರಲ್ಲಿ ಯಾವುದಾದರೂ ನಮ್ಮ ಅಚ್ಚುಕೂಟದ ಮೂಲೆಯಲ್ಲಿ ಕಟ್ಟಿಕೊಂಡು ಬಿದ್ದಿದೆಯೋ ನೋಡುತ್ತೇನೆ. ಪಟ್ಟಿ ಕಳಿಸು. ಬೇಗ ಬರೆ, ತಡ ಮಾಡಿದರೆ ನಿನ್ನ ಮೇಲೂ ಹರತಾಳ ಹೂಡಬೇಕಾಗುತ್ತದೆ.

ನಿನ್ನ ಅತ್ತೆ